ಶ್ರುತಿ ಮಾಡಬಲ್ಲ ಸಭಾಮಂದಿರ

ವಿಜಯಪುರದ ಗೋಳಗುಮ್ಮಟವನ್ನು ನೋಡಲು ಹೋದವರು ಯಾರೂ ಸುಮ್ಮನೆ ಹಿಂದಿರುಗುವುದಿಲ್ಲ. ಕಿರಿದಾದ ಮೆಟ್ಟಿಲುಗಳನ್ನೇರಿ ಗುಮ್ಮಟದ ಒಳಸುತ್ತಿನ ಮೊಗಸಾಲೆಯನ್ನು ತಲುಪಿದೊಡನೆ, ಹಿರಿಯರು ಕಿರಿಯರೆಂಬ ಭೇದವಿಲ್ಲದೆ ಎಲ್ಲರೂ ಒಮ್ಮೆ ಚಪ್ಪಾಳೆ ತಟ್ಟಿ ನೋಡುತ್ತಾರೆ. ಆ ಒಂದೇ ಚಪ್ಪಾಳೆ ಏಳಕ್ಕೂ ಹೆಚ್ಚು ಬಾರಿ ಮರುಕೊಟ್ಟು ಕಿವಿಗೆ ಬಂದಾಗ ಅವರಿಗಾಗುವ ಸೋಜಿಗ ಅಷ್ಟಿಷ್ಟಲ್ಲ. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ ಮಾತು ಎದುರು ಬದಿಯಲ್ಲಿ ನಿಂತವನಿಗೆ ಬಳಿಯಲ್ಲೇ ಆಡಿದಂತೆ ಕೇಳಿಸುತ್ತದೆ. ೧೬೫೬ರ ಸುಮಾರಿನಲ್ಲಿ ಮುಗಿದ ಈ ಸಮಾಧಿಮಂದಿರದ ಮರುದನಿ ಇಂದಿಗೂ ದಣಿದಿಲ್ಲ.

ಆದರೆ ಅದೇ ಗುಮ್ಮಟದ ಕೆಳಗೆ ಚಾಪೆ ಹಾಸಿ, ಹೆಸರಾಂತ ವಿದ್ವಾಂಸರೊಬ್ಬರನ್ನು ಕೂರಿಸಿ ಕಛೇರಿ ನಡೆಸಿದರೆ ಏನಾದೀತು? ಮೊದಲ ಸ್ವರ ಅಡಗುವ ಮುನ್ನ ಎರಡನೆಯದು, ಎರಡನೆಯದು ಅಡಗುವ ಮುನ್ನ ಹತ್ತನೆಯದು ಬಂದು ಕೂಡಿ, ಸಾಹಿತ್ಯವೂ ಸ್ವರವೂ ತಾಳವೂ ಒಂದೇ ಗದ್ದಲವಾಗಿ ಪರಿಣಮಿಸುವುದರಲ್ಲಿ ಸಂದೇಹವಿಲ್ಲ. ನೋಟಕರಿಗೆ ವಿನೋದವಾದುದೇ ಗಾಯಕನಿಗೆ ಶತ್ರುವಾಗುತ್ತದೆ.

ಕಟ್ಟಡಕ್ಕೂ ಒಂದು ಕಂಠವುಂಟು ಎಂಬುದನ್ನು ಹಿಂದಿನವರು ಬಲ್ಲರು. ಆ ಕಂಠವನ್ನು ಮನುಷ್ಯನು ತನಗೆ ಬೇಕಾದಂತೆ ಬದಲಿಸಬಲ್ಲನೆ? ಇಂದು ಭಾಷಣಕ್ಕೆ, ನಾಳೆ ನಾಟಕಕ್ಕೆ, ನಾಡಿದ್ದು ನೂರು ವಾದ್ಯಗಳ ಮೇಳಕ್ಕೆ ಹೊಂದುವಂತೆ ಒಂದೇ ಮಂದಿರವನ್ನು ಶ್ರುತಿ ಮಾಡುವುದು ಸಾಧ್ಯವೆ? ಈ ಪ್ರಶ್ನೆಯ ಬೆನ್ನುಹತ್ತಿ ಹೋದವರ ಕಥೆಯಲ್ಲಿ ಜಯವೂ ಇದೆ, ಕಣ್ಣೀರೂ ಇದೆ.

ಮೆತ್ತೆ ಹೊತ್ತ ಅಧ್ಯಾಪಕ

ಕಥೆಯ ಮೊದಲ ಅಂಕ ನಡೆದುದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ. ೧೮೯೫ರಲ್ಲಿ ಅಲ್ಲಿ ಫಾಗ್ ಕಲಾಸಂಗ್ರಹಾಲಯವೆಂಬ ಹೊಸ ಕಟ್ಟಡ ಮೇಲೆದ್ದಿತು. ಕಟ್ಟಡವೇನೋ ಅಂದವಾಗಿತ್ತು, ಆದರೆ ಅದರ ಉಪನ್ಯಾಸ ಮಂದಿರದಲ್ಲಿ ಅಧ್ಯಾಪಕರಾಡಿದ ಮಾತು ಒಂದಾದರೂ ವಿದ್ಯಾರ್ಥಿಗಳಿಗೆ ತಿಳಿಯುವಂತಿರಲಿಲ್ಲ. ಬಾಯಿಂದ ಹೊರಟ ಶಬ್ದ ಐದೂವರೆ ಸೆಕೆಂಡುಗಳ ಕಾಲ ಗೋಡೆಯಿಂದ ಗೋಡೆಗೆ ಅಲೆದಾಡುತ್ತಿತ್ತು. ಅಷ್ಟರಲ್ಲಿ ಅಧ್ಯಾಪಕರು ಹತ್ತು ಹದಿನೈದು ಪದಗಳನ್ನು ಆಡಿಬಿಟ್ಟಿರುತ್ತಿದ್ದರು. ಇದಕ್ಕೆ ಏನಾದರೂ ಉಪಾಯ ಹುಡುಕಬೇಕೆಂದು ವಿಶ್ವವಿದ್ಯಾಲಯದ ಅಧ್ಯಕ್ಷರು ಭೌತವಿಜ್ಞಾನದ ತರುಣ ಅಧ್ಯಾಪಕ ವಾಲೆಸ್ ಕ್ಲೆಮೆಂಟ್ ಸೇಬೈನ್ ಅವರಿಗೆ ಒಪ್ಪಿಸಿದರು. ಆಗ ಅವರಿಗೆ ಇಪ್ಪತ್ತೇಳು ವರ್ಷ.

ಸೇಬೈನರ ಕೈಯಲ್ಲಿದ್ದ ಸಲಕರಣೆ ಬಹು ಸರಳವಾದುದು: ಆರ್ಗನ್ ವಾದ್ಯದ ಒಂದು ಕೊಳವೆ, ಕಾಲವನ್ನು ಅಳೆಯುವ ಒಂದು ಯಂತ್ರ, ಮತ್ತು ತಮ್ಮ ಎರಡು ಕಿವಿಗಳು. ಊರೆಲ್ಲ ಮಲಗಿ, ಬೀದಿಯ ಟ್ರಾಮುಗಳ ಸದ್ದಡಗಿದ ಮೇಲೆ ಅವರ ಕೆಲಸ ಆರಂಭವಾಗುತ್ತಿತ್ತು. ಒಳ್ಳೆಯ ಧ್ವನಿಗೆ ಹೆಸರಾಗಿದ್ದ ಸ್ಯಾಂಡರ್ಸ್ ನಾಟ್ಯಮಂದಿರದಿಂದ ಆಸನದ ಮೆತ್ತೆಗಳನ್ನು ತರಿಸಿ, ಉಪನ್ಯಾಸ ಮಂದಿರದಲ್ಲಿ ಒಂದೊಂದಾಗಿ ಹಾಸುವುದು. ಕೊಳವೆಯನ್ನು ಊದಿಸಿ ನಿಲ್ಲಿಸುವುದು. ನಾದ ಕಿವಿಗೆ ಕೇಳಿಸದಷ್ಟು ಕ್ಷೀಣಿಸಲು ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡುವುದು. ಬೆಳಗಾಗುವುದರೊಳಗೆ ಮೆತ್ತೆಗಳೆಲ್ಲ ಸ್ವಸ್ಥಾನಕ್ಕೆ ಹಿಂದಿರುಗಬೇಕು! ಮೆತ್ತೆಗಳು ಹೆಚ್ಚಿದಂತೆಲ್ಲ ನಾದದ ಆಯುಸ್ಸು ಕುಂದುತ್ತ ಬಂದಿತು; ಐದೂವರೆ ಸೆಕೆಂಡು ಇಳಿದಿಳಿದು ಒಂದು ಸೆಕೆಂಡಿನ ಸಮೀಪಕ್ಕೆ ಬಂದು ನಿಂತಿತು. ಪ್ರಯೋಗ ಎಷ್ಟು ಸೂಕ್ಷ್ಮವಾಯಿತೆಂದರೆ, ತಾವು ತೊಟ್ಟ ಉಡುಪೂ ನಾದವನ್ನು ಹೀರುತ್ತಿರುವುದನ್ನು ಸೇಬೈನರು ಕಂಡುಕೊಂಡರು. ಅಂದಿನಿಂದ ಪ್ರಯೋಗದ ಎಲ್ಲ ರಾತ್ರಿಗಳಲ್ಲಿಯೂ ಅವರು ಒಂದೇ ಬಗೆಯ ಉಡುಪನ್ನು ತೊಡುವ ನೇಮವಿಟ್ಟುಕೊಂಡರು.

ಹೀಗೆ ಮೂರು ವರ್ಷ ಕಳೆದ ಮೇಲೆ, ೧೮೯೮ರ ಅಕ್ಟೋಬರಿನಲ್ಲಿ, ಅಂಕಿಗಳ ರಾಶಿಯ ಹಿಂದೆ ಅಡಗಿದ್ದ ನಿಯಮ ಅವರಿಗೆ ಗೋಚರಿಸಿತು. ನಾದ ನಿಂತ ಮೇಲೂ ಮಂದಿರದಲ್ಲಿ ಉಳಿಯುವ ಅದರ ಗುಂಗಿಗೆ ಅನುರಣನವೆಂದು ಹೆಸರು. ಮಂದಿರದ ಗಾತ್ರ ಹೆಚ್ಚಿದಷ್ಟೂ ಅನುರಣನ ದೀರ್ಘವಾಗುತ್ತದೆ. ನಾದವನ್ನು ಹೀರುವ ಮೈ ಹೆಚ್ಚಿದಷ್ಟೂ ಅದು ಹ್ರಸ್ವವಾಗುತ್ತದೆ. ನಾದದ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಲು ಹಿಡಿಯುವ ಕಾಲವೇ ಅನುರಣನಕಾಲ. ಅಂದಿನವರೆಗೆ ಅದೃಷ್ಟಕ್ಕೆ ಬಿಟ್ಟಿದ್ದ ವಿಷಯ ಅಂದು ಲೆಕ್ಕಕ್ಕೆ ಸಿಕ್ಕಿತು. ಆ ಲೆಕ್ಕವನ್ನು ನಂಬಿ ಕಟ್ಟಿದ ಬಾಸ್ಟನ್ ನಗರದ ಸಿಂಫನಿ ಹಾಲ್ ೧೯೦೦ರ ಅಕ್ಟೋಬರ್ ೧೫ರಂದು ತೆರೆಯಿತು. ಜಗತ್ತಿನ ಶ್ರೇಷ್ಠ ಸಂಗೀತಮಂದಿರಗಳ ಸಾಲಿನಲ್ಲಿ ಇಂದಿಗೂ ಅದಕ್ಕೆ ಸ್ಥಾನವಿದೆ.

ಒಂದೊಂದು ನಾದಕ್ಕೆ ಒಂದೊಂದು ಕಾಲ

ಲೆಕ್ಕ ಸಿಕ್ಕಿತು, ಆದರೆ ತೊಡಕು ತೀರಲಿಲ್ಲ. ಯಾವ ಅಳತೆಗೆ ಕಟ್ಟಬೇಕು?

ಮಾತಿಗೆ ಒಂದು ಸೆಕೆಂಡಿನ ಅನುರಣನವೇ ಹೆಚ್ಚು. ಹಾಡಿನ ಜೊತೆಗೆ ಕಥೆಯೂ ಸಾಗುವ ಪಾಶ್ಚಾತ್ಯ ಗೀತನಾಟಕಕ್ಕೆ ಒಂದೂಕಾಲರಿಂದ ಒಂದೂವರೆ ಸೆಕೆಂಡಿನಷ್ಟು ಹಿತ. ಪಿಟೀಲು, ಕೊಳಲು, ಕಹಳೆ, ನಗಾರಿಗಳು ಕೂಡಿದ ದೊಡ್ಡ ವಾದ್ಯವೃಂದಕ್ಕೆ ಎರಡು ಸೆಕೆಂಡಾದರೂ ಬೇಕು. ಇಲ್ಲವಾದರೆ ನಾದಗಳು ಒಂದರೊಡನೊಂದು ಬೆರೆಯದೆ, ಒಗ್ಗರಣೆಯಿಲ್ಲದ ಸಾರಿನಂತೆ ಸಪ್ಪೆಯಾಗುತ್ತವೆ. ಇನ್ನು ಆರ್ಗನ್ ವಾದ್ಯವೂ ಪ್ರಾರ್ಥನೆಯ ಗಾಯನವೂ ಹುಟ್ಟಿ ಬೆಳೆದುದು ಕಲ್ಲಿನ ಮಹಾ ಇಗರ್ಜಿಗಳಲ್ಲಿ. ಲಂಡನ್ನಿನ ಸೇಂಟ್ ಪಾಲ್ ದೇವಾಲಯದಲ್ಲಿ ನಾದದ ಗುಂಗು ಹತ್ತು ಸೆಕೆಂಡುಗಳನ್ನೂ ಮೀರಿ ಉಳಿಯುತ್ತದೆ. ಆ ಗುಂಗನ್ನು ತೆಗೆದುಬಿಟ್ಟರೆ ಆ ಸಂಗೀತದ ಜೀವವನ್ನೇ ತೆಗೆದಂತೆ.

ಶ್ರೀಮಂತ ರಾಜಧಾನಿಗಳು ಒಂದೊಂದಕ್ಕೆ ಒಂದೊಂದು ಮಂದಿರ ಕಟ್ಟಿಕೊಂಡಾವು. ಉಳಿದ ಊರುಗಳ ಗತಿಯೇನು? ಇರುವ ಒಂದೇ ಸಭಾಂಗಣದಲ್ಲಿ ಎಲ್ಲವೂ ನಡೆಯಬೇಕು. ಒಂದಕ್ಕೆ ಕಟ್ಟಿದರೆ ಇನ್ನೊಂದಕ್ಕೆ ಕೆಡುಕು. ಮಧ್ಯಮಮಾರ್ಗ ಹಿಡಿದರೆ ಯಾವುದಕ್ಕೂ ಸೊಗಸಿಲ್ಲ. ಅದೂ ಅಲ್ಲದೆ, ಪಿಟೀಲಿನ ತಂತಿ ಸಡಿಲವಾದರೆ ಬಿರಡೆ ತಿರುಗಿಸಿ ಸರಿಮಾಡಬಹುದು. ಕಲ್ಲು ಗಾರೆಗಳಲ್ಲಿ ಮಾಡಿದ ತಪ್ಪಿಗೆ ಬಿರಡೆ ಎಲ್ಲಿದೆ?

ಲಂಡನ್ನಿನ ಗುಟ್ಟು

ಎರಡನೆಯ ಮಹಾಯುದ್ಧದಲ್ಲಿ ಬಾಂಬಿನ ಪೆಟ್ಟು ತಿಂದ ಲಂಡನ್ ನಗರ, ೧೯೫೧ರ ಮಹೋತ್ಸವದ ಸಂದರ್ಭದಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ ರಾಯಲ್ ಫೆಸ್ಟಿವಲ್ ಹಾಲ್ ಎಂಬ ಭವ್ಯಮಂದಿರವನ್ನು ಕಟ್ಟಿತು. ಮೂರು ಸಾವಿರ ಮಂದಿಗೆ ಕೊಂಚ ಕಡಿಮೆ ಹಿಡಿಯುವ ಆ ಮಂದಿರವನ್ನು ಅಂದಿನ ಶ್ರೇಷ್ಠ ಧ್ವನಿತಜ್ಞರು ಕೂಡಿ ರೂಪಿಸಿದ್ದರು. ಮಾತು ಮಾತೂ, ಸ್ವರ ಸ್ವರವೂ ಬಿಡಿಬಿಡಿಯಾಗಿ ಕೇಳಿಸಿತು. ಆದರೆ ಸಂಗೀತಗಾರರ ಮುಖ ಬಾಡಿತು: ನಾದದಲ್ಲಿ ಸ್ಪಷ್ಟತೆಯಿದೆ, ತುಂಬುತನವಿಲ್ಲ! ಅನುರಣನ ಒಂದೂವರೆ ಸೆಕೆಂಡಿನ ಆಸುಪಾಸಿಗೇ ನಿಂತುಬಿಟ್ಟಿತ್ತು. ಅದರಲ್ಲಿಯೂ ಮಂದ್ರಸ್ವರಗಳು ತೀರ ಸೊರಗಿದ್ದುವು. ಕಟ್ಟಡದ ಮಾಳಿಗೆಯನ್ನು ಎತ್ತರಿಸುವುದು ಸುಲಭದ ಮಾತಲ್ಲ.

ಆಗ ಪೀಟರ್ ಪಾರ್ಕಿನ್ ಎಂಬ ವಿಜ್ಞಾನಿ ಮುಂದೆ ಬಂದರು. ಬಾಯಿ ಕಿರಿದಾದ ತಂಬಿಗೆಯ ಅಂಚಿಗೆ ತುಟಿಯಿಟ್ಟು ಊದಿದರೆ ಅದು ತನ್ನದೇ ಆದ ಒಂದು ಸ್ವರದಲ್ಲಿ ಮೊಳಗುವುದನ್ನು ಮಕ್ಕಳೂ ಬಲ್ಲರು. ಪಾರ್ಕಿನ್ನರು ಬೇರೆ ಬೇರೆ ಸ್ವರಗಳಿಗೆ ಹೊಂದಿಸಿದ ಅಂಥ ಪಾತ್ರೆಗಳನ್ನು ಚಾವಣಿಯಲ್ಲಿ ಅಡಗಿಸಿ, ಒಳಗೆ ಮೈಕ್ರೊಫೋನುಗಳನ್ನು ಇರಿಸಿದರು. ಪಾತ್ರೆ ತನ್ನ ಸ್ವರವನ್ನು ಮಾತ್ರ ಆರಿಸಿಕೊಳ್ಳುವುದು. ಧ್ವನಿವರ್ಧಕ ಆ ಸ್ವರವನ್ನು ಮೆಲ್ಲನೆ ಮಂದಿರಕ್ಕೆ ಮರಳಿಸುವುದು. ಹೀಗೆ ಸ್ವರವೊಂದಕ್ಕೆ ಒಂದರಂತೆ ೧೭೨ ಮಾರ್ಗಗಳು ಏರ್ಪಟ್ಟುವು. ೧೯೬೪ರ ಸುಮಾರಿನಲ್ಲಿ ಇದನ್ನು ಮೊದಲು ಪ್ರಯೋಗಿಸಿದಾಗ ಡಂಗುರ ಹೊಡೆಯದೆ ಗುಟ್ಟಾಗಿಯೇ ನಡೆಸಿದರು. ಯಂತ್ರವಿದೆಯೆಂದು ತಿಳಿದರೆ, ಕಿವಿಗಿಂತ ಮುಂಚೆ ಮನಸ್ಸು ತೀರ್ಪು ಕೊಟ್ಟೀತೆಂಬ ಭಯ. ಮಂದ್ರಸ್ವರಗಳ ಅನುರಣನ ಎರಡು ಸೆಕೆಂಡನ್ನು ಮುಟ್ಟಿತು. ಗೋಡೆಯನ್ನು ಒಂದಂಗುಲವೂ ಕದಲಿಸದೆ ಮಂದಿರ ದೊಡ್ಡದಾಯಿತು!

ಈ ಏರ್ಪಾಡು ಮೂರು ದಶಕಗಳಿಗೂ ಮಿಕ್ಕು ದುಡಿಯಿತು. ಕೊನೆಗೆ ೨೦೦೫ರಿಂದ ೨೦೦೭ರವರೆಗೆ ನಡೆದ ಜೀರ್ಣೋದ್ಧಾರದಲ್ಲಿ ಮಂದಿರದ ಒಳಮೈಯನ್ನೇ ತಿದ್ದಿ, ಯಂತ್ರದ ಊರುಗೋಲಿಲ್ಲದೆ ನಿಲ್ಲುವಂತೆ ಮಾಡಿದರು.

ನ್ಯೂಯಾರ್ಕಿನ ಪಾಠ

ಲಂಡನ್ನಿನ ಕೊರತೆ ಸಣ್ಣದೆನ್ನಿಸುವಂಥ ಅವಘಡ ನ್ಯೂಯಾರ್ಕಿನಲ್ಲಿ ಕಾದಿತ್ತು. ಅಲ್ಲಿನ ಫಿಲ್‌ಹಾರ್ಮೋನಿಕ್ ಹಾಲ್‌ಗೆ ಧ್ವನಿತಜ್ಞರಾಗಿ ನೇಮಕವಾದವರು ಲಿಯೋ ಬೆರಾನೆಕ್. ಜಗತ್ತಿನ ೫೦ಕ್ಕೂ ಹೆಚ್ಚು ಸಂಗೀತಮಂದಿರಗಳನ್ನು ಅಭ್ಯಾಸ ಮಾಡಿದ್ದ ಮಹಾಪಂಡಿತರು ಅವರು. ಬಾಸ್ಟನ್ನಿನ ಮಂದಿರದಂತೆ ಉದ್ದನೆಯ ಪೆಟ್ಟಿಗೆಯಾಕಾರವೇ ಮೇಲೆಂದು ಅವರ ಮತ. ಆದರೆ ಆಸನಗಳು ಸಾಲವೆಂದು ಪತ್ರಿಕೆಯೊಂದು ಕೂಗೆಬ್ಬಿಸಿತು. ೨,೪೦೦ ಆಗಬೇಕಿದ್ದ ಆಸನಗಳು ೨,೬೦೦ನ್ನೂ ಮೀರಿದುವು. ನೇರವಾಗಿದ್ದ ಗೋಡೆಗಳು ಬಾಗಿದುವು. ನಾದವನ್ನು ಚೆದುರಿಸಬೇಕಾಗಿದ್ದ ಉಬ್ಬುತಗ್ಗುಗಳು ಖರ್ಚಿನ ಕಾರಣದಿಂದ ಮಾಯವಾದುವು.

ಇದಕ್ಕೆಲ್ಲ ಪರಿಹಾರವಾಗಿ, ಚಾವಣಿಯಿಂದ ನೂರಕ್ಕೂ ಮೇಲ್ಪಟ್ಟ ಹಲಗೆಗಳನ್ನು ತೂಗುಬಿಟ್ಟಿದ್ದರು. ಅವಕ್ಕೆ ‘ಮೋಡ’ಗಳೆಂದು ಹೆಸರು. ಅವನ್ನು ಏರಿಸಿ ಇಳಿಸಿ ಮಂದಿರವನ್ನು ಶ್ರುತಿ ಮಾಡಬಹುದೆಂಬುದು ನಂಬಿಕೆ. ೧೯೬೨ರ ಸೆಪ್ಟೆಂಬರ್ ೨೩ರಂದು ಲಿಯೊನಾರ್ಡ್ ಬರ್ನ್‌ಸ್ಟೈನರ ನಿರ್ದೇಶನದಲ್ಲಿ ಆರಂಭೋತ್ಸವ ನಡೆಯಿತು. ಮಂದ್ರಸ್ವರಗಳು ಕೇಳಿಸುತ್ತಿಲ್ಲವೆಂದು ರಸಿಕರು ದೂರಿದರು. ಪಕ್ಕದವರು ನುಡಿಸುವುದೇ ಕೇಳಿಸದೆಂದು ವಾದಕರು ದೂರಿದರು. ಮೋಡಗಳನ್ನು ಎಷ್ಟು ಕದಲಿಸಿದರೂ ಮಳೆ ಬೀಳಲಿಲ್ಲ. ತೇಪೆಯ ಮೇಲೆ ತೇಪೆ ಹಾಕಿ ಬೇಸತ್ತ ಆಡಳಿತವರ್ಗ ೧೯೭೬ರಲ್ಲಿ ಮಂದಿರದ ಒಳಗನ್ನೆಲ್ಲ ಕಿತ್ತು, ಸಿರಿಲ್ ಹ್ಯಾರಿಸ್ ಎಂಬ ತಜ್ಞರ ಸಲಹೆಯಂತೆ ಹೊಸದಾಗಿ ಕಟ್ಟಿಸಿತು. ಅದೂ ಪೂರ್ಣ ತೃಪ್ತಿ ಕೊಡದೆ, ೨೦೨೨ರಲ್ಲಿ ಮತ್ತೊಮ್ಮೆ ಒಳಭಾಗವೆಲ್ಲ ಹೊಸ ರೂಪ ತಾಳಿತು.

ಬೆರಾನೆಕ್ ನೂರೆರಡು ವರ್ಷ ಬದುಕಿ ೨೦೧೬ರಲ್ಲಿ ತೀರಿಕೊಂಡರು. ಅನಂತರ ಅವರಿಂದ ಅನೇಕ ಉತ್ತಮ ಕಾರ್ಯಗಳು ನಡೆದುವು, ಪ್ರಮಾಣಗ್ರಂಥಗಳು ಹೊರಬಂದುವು. ಆದರೂ ಆ ಒಂದು ಮಂದಿರದ ಹೆಸರು ಅವರ ಬೆನ್ನು ಬಿಡಲಿಲ್ಲ. ಈ ಪ್ರಕರಣ ಕಲಿಸಿದ ಪಾಠ ಸ್ಪಷ್ಟವಾಗಿದೆ. ಮೂಲದ ಆಕಾರ, ಎತ್ತರ, ಅಗಲಗಳು ಸರಿಯಾಗಿದ್ದರೆ ಮಾತ್ರ ಹೊಂದಾಣಿಕೆಯ ಉಪಾಯಗಳು ಫಲಿಸುತ್ತವೆ. ಕೊಡವೇ ಒಡೆದಿದ್ದರೆ ವೀಣೆಯ ಬಿರಡೆ ತಿರುಗಿಸಿ ಏನು ಪ್ರಯೋಜನ?

ತಿರುಗುವ ಗೋಡೆ, ಇಳಿಯುವ ಚಾವಣಿ

ಬದಲಾಗುವ ಮಂದಿರವನ್ನು ಬುಡದಿಂದಲೇ ಹಾಗೆ ಕಟ್ಟಿದರೆ ಹೇಗೆ? ಈ ಪ್ರಯೋಗವನ್ನು ಅತ್ಯಂತ ದೂರ ಒಯ್ದವರು ಪ್ಯಾರಿಸ್ಸಿನವರು. ಸಂಗೀತರಚನಕಾರ ಪಿಯರ್ ಬೂಲೇಜ಼ರ ಮುಂದಾಳುತನದಲ್ಲಿ ಸ್ಥಾಪಿತವಾದ ಇರ್‌ಕಾಮ್ ಸಂಶೋಧನಾಲಯದಲ್ಲಿ, ನೆಲದ ಕೆಳಗೆ, ೧೯೭೮ರಲ್ಲಿ ಒಂದು ವಿಚಿತ್ರ ಸಭಾಂಗಣ ತೆರೆಯಿತು. ಅದರ ಗೋಡೆಗಳ ಮೈತುಂಬ ಮೂರು ಮುಖದ ತಿರುಗಣಿ ಪಟ್ಟಿಗಳು. ಒಂದು ಮುಖ ನಾದವನ್ನು ಹೀರುತ್ತದೆ. ಇನ್ನೊಂದು ಕನ್ನಡಿಯಂತೆ ಮರಳಿಸುತ್ತದೆ. ಮೂರನೆಯದು ಎಲ್ಲ ದಿಕ್ಕಿಗೂ ಚೆದುರಿಸುತ್ತದೆ. ಚಾವಣಿಯೂ ಭಾಗಭಾಗವಾಗಿ ಏರಿ ಇಳಿಯುತ್ತದೆ. ಅನುರಣನವನ್ನು ಅರ್ಧ ಸೆಕೆಂಡಿಗಿಂತ ಕಡಿಮೆಯಿಂದ ನಾಲ್ಕು ಸೆಕೆಂಡಿನವರೆಗೆ ಬೇಕಾದಲ್ಲಿ ನಿಲ್ಲಿಸಬಹುದು. ಮಲಗುವ ಕೋಣೆಯೊಂದು ನೋಡನೋಡುತ್ತಿರುವಂತೆ ಇಗರ್ಜಿಯಾಗಿಬಿಡುವುದೆಂದರೆ ಓದುಗರು ಅದರ ಸೋಜಿಗವನ್ನು ಊಹಿಸಿಕೊಳ್ಳಬಹುದು. ಆದರೆ ಅದು ಕೆಲವೇ ನೂರು ಮಂದಿ ಕೂರುವ ಪ್ರಯೋಗಶಾಲೆ. ಎರಡು ಸಾವಿರ ಮಂದಿಯ ಮಂದಿರದಲ್ಲಿ ಚಾವಣಿಯನ್ನೇ ಮೇಲೆ ಕೆಳಗೆ ಆಡಿಸುವುದು ಯಾರ ಕೈಲಾದೀತು?

ಕೋಣೆಯ ಹಿಂದಣ ಕೋಣೆ

ದೊಡ್ಡ ಮಂದಿರಗಳಿಗೆ ದಾರಿ ತೋರಿಸಿದವರು ರಸೆಲ್ ಜಾನ್ಸನ್ ಎಂಬ ಅಮೆರಿಕದ ತಜ್ಞರು. ಅವರ ಯುಕ್ತಿ ಹೀಗಿದೆ: ಮಂದಿರವನ್ನು ಹಳೆಯ ಶ್ರೇಷ್ಠ ಮಂದಿರಗಳಂತೆ ಇಕ್ಕಟ್ಟಾಗಿ, ಎತ್ತರವಾಗಿ, ಪೆಟ್ಟಿಗೆಯಾಕಾರದಲ್ಲಿ ಕಟ್ಟುವುದು; ಗೋಡೆಗಳ ಹಿಂದೆ, ಮೇಲ್ಭಾಗದಲ್ಲಿ, ಬರಿದಾದ ಕಲ್ಲುಕಾಂಕ್ರೀಟಿನ ಕೋಣೆಗಳನ್ನು ಬಿಡುವುದು; ನಡುವೆ ಭಾರಿ ಬಾಗಿಲುಗಳನ್ನು ಇರಿಸುವುದು. ಬಾಗಿಲು ಮುಚ್ಚಿದರೆ ಮಂದಿರ ಚಿಕ್ಕದು, ನಾದ ಬಿಗಿ. ಬಾಗಿಲು ತೆರೆದರೆ ನಾದದ ಒಂದಂಶ ಕೋಣೆಗಳನ್ನು ಹೊಕ್ಕು, ಅಲ್ಲಿ ಸುತ್ತಾಡಿ, ತಡವಾಗಿ, ಮೆಲ್ಲಗೆ ಹೊರಬರುತ್ತದೆ. ಇದರ ಸೊಗಸೆಂದರೆ, ವಾದ್ಯದಿಂದ ನೇರವಾಗಿ ಬಂದ ಸ್ವರ ಮೊದಲು ಸ್ಪಷ್ಟವಾಗಿ ಕಿವಿಗೆ ಬೀಳುತ್ತದೆ. ಗುಂಗು ಅದನ್ನು ಮುಚ್ಚದೆ ಹಿಂದಿನಿಂದ ಬರುತ್ತದೆ. ಗಾಯಕನ ಸಾಹಿತ್ಯವನ್ನು ಮರೆಮಾಡದೆ ತಂಬೂರಿ ಹಿನ್ನೆಲೆಯಲ್ಲಿ ತುಂಬಿ ನಿಲ್ಲುವುದಿಲ್ಲವೆ? ಹಾಗೆ.

೧೯೮೯ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ, ವಾಸ್ತುಶಿಲ್ಪಿ ಐ. ಎಂ. ಪೇ ಅವರೊಡನೆ ಸೇರಿ ಜಾನ್ಸನ್ ರೂಪಿಸಿದ ಮಂದಿರದಲ್ಲಿ ಇಂಥ ೭೦ಕ್ಕೂ ಹೆಚ್ಚು ಕಾಂಕ್ರೀಟ್ ಬಾಗಿಲುಗಳಿವೆ. ಕೆಲವು ಎರಡು ಟನ್ನಿಗೂ ಮೀರಿದ ತೂಕದವು. ವೇದಿಕೆಯ ಮೇಲೆ ತೂಗುವ ಬೃಹತ್ತಾದ ಮೇಲ್ಕಟ್ಟನ್ನು ಚಿಕ್ಕ ಮೇಳವಿದ್ದಾಗ ಕೆಳಗಿಳಿಸುತ್ತಾರೆ. ಅದು ನಾದವನ್ನು ವಾದಕರ ಕಿವಿಗೂ ರಸಿಕರ ಕಿವಿಗೂ ಬೇಗ ಮುಟ್ಟಿಸುತ್ತದೆ. ದೊಡ್ಡ ವೃಂದವಿದ್ದಾಗ ಅದನ್ನು ಮೇಲಕ್ಕೆತ್ತುತ್ತಾರೆ. ಧ್ವನಿವರ್ಧಕದ ಕಾರ್ಯಕ್ರಮವಿದ್ದರೆ ಗೋಡೆಗಳಿಗೆ ದಪ್ಪ ಪರದೆಗಳನ್ನು ಇಳಿಬಿಡುತ್ತಾರೆ.

೧೯೯೧ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಸಿಂಫನಿ ಹಾಲ್ ಇದೇ ತತ್ತ್ವದ ಮೇಲೆ ಮೇಲೆದ್ದಿತು. ಅದರ ಸಮೀಪದಲ್ಲೇ ರೈಲುಮಾರ್ಗವಿದೆ. ಗುಂಗನ್ನು ಎಷ್ಟು ತಿದ್ದಿದರೇನು, ರೈಲಿನ ಗುಡುಗು ಒಳನುಗ್ಗಿದರೆ ಎಲ್ಲವೂ ವ್ಯರ್ಥ. ಆದುದರಿಂದ ಇಡೀ ಮಂದಿರವನ್ನು ರಬ್ಬರಿನ ದಿಮ್ಮಿಗಳ ಮೇಲೆ ನಿಲ್ಲಿಸಿದರು. ಮೌನವನ್ನು ಕಟ್ಟಿದ ಮೇಲೆಯೇ ನಾದವನ್ನು ಕಟ್ಟುವುದು ಸಾಧ್ಯ. ೧೯೯೮ರಲ್ಲಿ ಸ್ವಿಟ್ಜರ್ಲೆಂಡಿನ ಲೂಸರ್ನ್ ಸರೋವರದ ದಂಡೆಯ ಮೇಲೆ, ವಾಸ್ತುಶಿಲ್ಪಿ ಜ್ಯಾಂ ನೂವೆಲ್ ಕಟ್ಟಿದ ೧,೮೪೦ ಆಸನಗಳ ಬಿಳಿಯ ಮಂದಿರದಲ್ಲಿಯೂ ಜಾನ್ಸನ್ನರ ಕೋಣೆಗಳುಂಟು. ಅದರ ಸುಮಾರು ೫೦ ಬಾಗಿಲುಗಳಲ್ಲಿ ಎಷ್ಟು ತೆರೆಯಬೇಕು, ಎಷ್ಟು ಓರೆಮಾಡಬೇಕು ಎಂಬುದು ಅಂದಂದಿನ ಸಂಗೀತವನ್ನು ಅವಲಂಬಿಸಿದೆ. ಜಾನ್ಸನ್ ೨೦೦೭ರಲ್ಲಿ ನಿಧನರಾದರು. ಅವರ ಬಾಗಿಲುಗಳು ಇಂದಿಗೂ ತೆರೆದು ಮುಚ್ಚುತ್ತಿವೆ.

ನಮ್ಮ ಸಂಗೀತದ ಮಾತು

ಈ ವಿದ್ಯೆಯೆಲ್ಲ ಬೆಳೆದುದು ಪಾಶ್ಚಾತ್ಯ ಸಂಗೀತಕ್ಕಾಗಿ. ನಮ್ಮ ಸಂಗೀತದ ಅಗತ್ಯವೇ ಬೇರೆ. ಮೃದಂಗದ ವಿದ್ವಾಂಸರು ಸೆಕೆಂಡಿಗೆ ಎಂಟು ಪೆಟ್ಟಿನ ವೇಗದಲ್ಲಿ ನುಡಿಸುತ್ತಿದ್ದಾರೆಂದು ಇಟ್ಟುಕೊಳ್ಳೋಣ. ಎರಡು ಸೆಕೆಂಡು ಅನುರಣನವಿರುವ ಮಂದಿರದಲ್ಲಿ ಹೊಸ ಪೆಟ್ಟು ಬೀಳುವಾಗ ಹಿಂದಿನ ಹದಿನಾರು ಪೆಟ್ಟುಗಳ ಗುಂಗು, ಒಂದಕ್ಕಿಂತ ಒಂದು ಕ್ಷೀಣವಾಗಿ, ಇನ್ನೂ ಗಾಳಿಯಲ್ಲಿರುತ್ತದೆ. ತನಿ ಆವರ್ತನದ ಕಟ್ಟುಕಟ್ಟಾದ ಲೆಕ್ಕವೆಲ್ಲ ಕಲಸಿಹೋಗುತ್ತದೆ. ಆದರೆ ಅದೇ ಕಛೇರಿಯ ಆರಂಭದಲ್ಲಿ, ವಿಳಂಬವಾದ ಆಲಾಪನೆಗೆ ತುಸು ಗುಂಗು ಇದ್ದರೆ ರಾಗದ ಮೈ ತುಂಬಿಕೊಳ್ಳುತ್ತದೆ. ಅಂದರೆ ಒಂದೇ ಸಂಜೆಯ ಒಂದೇ ಕಛೇರಿಯೂ ಎರಡು ಬಗೆಯ ಮಂದಿರವನ್ನು ಬೇಡುತ್ತದೆ.

ಮುಂಬಯಿಯ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರದಲ್ಲಿ ೧೯೮೦ರಲ್ಲಿ ತೆರೆದ ಟಾಟಾ ಥಿಯೇಟರ್ ಈ ದಿಕ್ಕಿನಲ್ಲಿ ಗಮನಾರ್ಹವಾದುದು. ವಾಸ್ತುಶಿಲ್ಪಿ ಫಿಲಿಪ್ ಜಾನ್ಸನ್. ಧ್ವನಿತಜ್ಞರು ನ್ಯೂಯಾರ್ಕಿನ ಮಂದಿರವನ್ನು ೧೯೭೬ರಲ್ಲಿ ತಿದ್ದಿದ ಅದೇ ಸಿರಿಲ್ ಹ್ಯಾರಿಸ್. ಭಾರತೀಯ ಸಂಗೀತದಲ್ಲಿ ಗಾಯಕನ ಮುಖಭಾವವೂ ಕೇಳುಗನ ತಲೆದೂಗುವಿಕೆಯೂ ಒಂದಕ್ಕೊಂದು ಉತ್ತರ ಕೊಡುವುದನ್ನು ಮನಗಂಡು, ಸುಮಾರು ಸಾವಿರ ಆಸನಗಳನ್ನು ಬೀಸಣಿಗೆಯಂತೆ ವೇದಿಕೆಯ ಹತ್ತಿರಕ್ಕೆ ತಂದು ಜೋಡಿಸಿದರು. ಧ್ವನಿವರ್ಧಕವಿಲ್ಲದೆಯೂ ಕೊನೆಯ ಸಾಲಿಗೆ ಕೇಳಿಸಬೇಕೆಂಬುದು ಅದರ ಉದ್ದೇಶ. ಊರೂರಿನ ಸಭೆಗಳಲ್ಲಿ ಧ್ವನಿವರ್ಧಕವೇ ಆಳುತ್ತಿರುವ ಕಾಲದಲ್ಲಿ, ಕಂಠವೂ ವೀಣೆಯೂ ತಮ್ಮ ಸಹಜ ಬಲದಿಂದ ಕೇಳಿಸುವ ಮಂದಿರವೊಂದನ್ನು ಬಯಸುವುದು ಹೆಚ್ಚಿನ ಆಸೆಯೇನೂ ಅಲ್ಲ.

ಕೇಳುಗನೂ ಕಟ್ಟಡದ ಒಂದು ಭಾಗ

ಇಂದು ಧ್ವನಿತಜ್ಞರ ಕೈಯಲ್ಲಿ ಕಂಪ್ಯೂಟರುಗಳಿವೆ. ಮಂದಿರದ ಹತ್ತನೆಯ ಒಂದು ಅಳತೆಯ ಮಾದರಿಯನ್ನು ಕಟ್ಟಿ, ಅದಕ್ಕೆ ತಕ್ಕಂತೆ ಹತ್ತುಪಟ್ಟು ತೀಕ್ಷ್ಣವಾದ ಸ್ವರಗಳಿಂದ ಪರೀಕ್ಷಿಸುವ ಪದ್ಧತಿಯೂ ಇದೆ. ೨೦೧೭ರಲ್ಲಿ ತೆರೆದ ಹ್ಯಾಂಬುರ್ಗಿನ ಸಂಗೀತಮಂದಿರಕ್ಕಾಗಿ ಮಾಡಿದ ಅಂಥ ಮಾದರಿಯಲ್ಲಿ ಆಸನಗಳ ಮೇಲೆಲ್ಲ ಉಣ್ಣೆಬಟ್ಟೆಯ ಪುಟ್ಟ ಗೊಂಬೆಗಳನ್ನು ಕೂರಿಸಿದ್ದರು. ಗೊಂಬೆಗಳೇಕೆ? ಮಂದಿರದಲ್ಲಿ ನಾದವನ್ನು ಎಲ್ಲಕ್ಕಿಂತ ಹೆಚ್ಚಾಗಿ ಹೀರುವುದು ಗೋಡೆಯಲ್ಲ, ಚಾವಣಿಯಲ್ಲ. ಬಟ್ಟೆ ತೊಟ್ಟು ಕುಳಿತ ಕೇಳುಗರೇ!

ಬರಿದಾದ ಮಂದಿರದಲ್ಲಿ ಮಧ್ಯಾಹ್ನ ಅಭ್ಯಾಸ ಮಾಡಿದ ವಾದಕನು, ಸಂಜೆ ಜನ ತುಂಬಿದಾಗ ಬೇರೊಂದು ಮಂದಿರದಲ್ಲಿ ನುಡಿಸುತ್ತಿರುತ್ತಾನೆ. ಅದಕ್ಕಾಗಿಯೇ ಖಾಲಿ ಆಸನವೂ ಒಬ್ಬ ಮನುಷ್ಯನಷ್ಟೇ ನಾದವನ್ನು ಹೀರುವಂತೆ ಮೆತ್ತೆ ತುಂಬುವ ಕ್ರಮ ಬಂದಿದೆ. ನೂರು ವರ್ಷಗಳಿಗೂ ಹಿಂದೆ ನಡುರಾತ್ರಿಯಲ್ಲಿ ಮೆತ್ತೆಗಳನ್ನು ಹಾಸುತ್ತ, ತನ್ನ ಅಂಗಿಯನ್ನೂ ಲೆಕ್ಕಕ್ಕೆ ಹಿಡಿದ ತರುಣ ಅಧ್ಯಾಪಕ ಕಂಡ ಸತ್ಯವೂ ಇದೇ. ಬಾಗಿಲುಗಳನ್ನು ತೆರೆದು, ಮೇಲ್ಕಟ್ಟನ್ನು ಇಳಿಸಿ, ಪರದೆಗಳನ್ನು ಸರಿಸಿ ತಜ್ಞರು ಮಂದಿರಕ್ಕೆ ಎಷ್ಟೇ ಶ್ರುತಿ ಮಾಡಲಿ, ಆ ಶ್ರುತಿ ಪೂರ್ಣವಾಗುವುದು ಕೇಳುಗರು ಬಂದು ಕುಳಿತ ಮೇಲೆಯೇ. ಮುಂದಿನ ಬಾರಿ ಕಛೇರಿಗೆ ಹೋಗಿ ಸದ್ದಿಲ್ಲದೆ ಕುಳಿತುಕೊಳ್ಳುವ ರಸಿಕನು, ತಾನೂ ಆ ಮಹಾವಾದ್ಯದ ಒಂದು ಅಂಗವೆಂದು ಭಾವಿಸಿಕೊಂಡರೆ ತಪ್ಪೇನಿಲ್ಲ.